ಮೇಜಿನ ಮೇಲಿದ್ದ ಗವಸು, ಮೇಜಿನ ಕೆಳಗಿದ್ದ ಗವಸು

ದ್ರಾಕ್ಷಿ ಪೆಟ್ಟಿಗೆ ತುಂಬುವ ಶೆಡ್ಡಿನ ಹಳೆಯ ಕೆಲಸಗಾರರ ನೆನಪುಗಳನ್ನು ದಾಖಲಿಸಿ, ಅವರ ಹಳೆಯ ಸಾಮಾನುಗಳನ್ನು ಸಂಗ್ರಹಿಸುತ್ತಿದ್ದೆ. ಅಲ್ಲಿನ ಮೇಸ್ತ್ರಿಯ ಮೂಲಕ ಹೇಳಿಕಳಿಸಿದ ಮೇಲೆ, ಎಲ್ಲರೂ ‘ಅಕ್ಕ’ ಎನ್ನುತ್ತಿದ್ದ ಹಿರಿಯ ಕೆಲಸಗಾರ್ತಿ ಒಂದು ಭಾನುವಾರ ಮನೆಗೆ ಕರೆದರು. ಬಾಗಿಲಲ್ಲೇ ತಡೆದರು.

“ಮಾತಾಡೋಣ. ಮೊದ್ಲು ನಿಮ್ಮ ಚೀಲ ಕೊಡವಿ.”

ಒಳಗಿನಿಂದ ಅವರ ಗಂಡ ಕೂಗಿದರು: “ಬೇಜಾರು ಮಾಡ್ಕೋಬೇಡಿ, ನನ್ನನ್ನೂ ದಿನಾ ಹೀಗೇ ಕೊಡವಿ ಒಳಗೆ ಬಿಟ್ಕೋತಾಳೆ!”

ಚೀಲ ಕೊಡವಿದ ಮೇಲೆಯೇ ಅಕ್ಕ ಒಳಗೆ ಬಿಟ್ಟು, ಅದಕ್ಕೆ ಕಾರಣ ಹೇಳಿದರು.

ಶೆಡ್ಡಿನಲ್ಲಿ ಒಂದು ಕೈ ಕತ್ತರಿ ಹಿಡಿದರೆ ಇನ್ನೊಂದು ಗೊಂಚಲು ಹಿಡಿಯುತ್ತದೆ. ಗವಸು ಬೇಕಾದದ್ದು ಗೊಂಚಲಿನ ಕೈಗೆ ಮಾತ್ರ. ಅಕ್ಕನ ಕತ್ತರಿ ಬಲಗೈಯಲ್ಲಿ. ಎದುರು ನಿಲ್ಲುತ್ತಿದ್ದ ಒಡಹುಟ್ಟಿದ ತಂಗಿ ಎಡಚಿ. ಹೀಗಾಗಿ ಬಟ್ಟೆಯ ಒಂದೇ ಜೊತೆ ಗವಸು ಇಬ್ಬರಿಗೂ ಸಾಕಾಗುತ್ತಿತ್ತು: ಎಡಗೈಯದು ಅಕ್ಕನಿಗೆ, ಬಲಗೈಯದು ತಂಗಿಗೆ. ಸಂಜೆ ತೊಳೆದು ಕಿಟಕಿಯ ಸರಳಿಗೆ ಸಿಕ್ಕಿಸಿ ಹೋಗುತ್ತಿದ್ದರು.

ಒಂದು ದಿನ ಬೆಳಿಗ್ಗೆ ಗವಸು ತೊಟ್ಟ ತಂಗಿ “ಅಯ್ಯೋ, ಸೂಜಿ!” ಎಂದು ಕೈಯನ್ನು ಮೇಜಿಗೆ ಬಡಿದು, ಗವಸು ಕಿತ್ತೆಸೆದರು. ಬೆರಳಲ್ಲಿ ಕೆಂಪು ಚುಕ್ಕೆಯಷ್ಟೇ. ಸ್ವಲ್ಪ ಹೊತ್ತಿಗೆ ನೋವು ತೋಳಿಗೇರಿತು. ಆಮೇಲೆ ಮೈಯೆಲ್ಲ ಬೆವರಿ, ಹೊಟ್ಟೆ ಹಲಗೆಯಂತೆ ಬಿಗಿಯಿತು. ಮೇಸ್ತ್ರಿ ಗವಸು ಕೊಡವಿದಾಗ ಜೇಡವೊಂದು ಉದುರಿತು. ಅದನ್ನು ಬಾಟಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು.

ವೈದ್ಯೆ ಬಾಟಲಿಯನ್ನು ಬೆಳಕಿಗೆ ಹಿಡಿದರು. “ಇದು ಬರೀ ಮನೆ ಜೇಡ. ಇಷ್ಟೆಲ್ಲಾ ಇದರಿಂದ ಆಗಲ್ಲ. ಹೊಟ್ಟೆಯೊಳಗೇ ಏನೋ ಆಗಿದ್ರೆ ಆಪರೇಷನ್ ಮಾಡಬೇಕಾಗುತ್ತೆ. ಇದೇ ಕಚ್ಚಿದ್ದು ಅಂತ ಕಣ್ಣಾರೆ ನೋಡಿದೋರು ಯಾರು?”

“ಗ್ಲೌಸಿಂದ್ಲೇ ಬಿತ್ತು ಮೇಡಂ,” ಎಂದರು ಮೇಸ್ತ್ರಿ.

“ಯಾವ ಗ್ಲೌಸು?” ಅಕ್ಕ ಕೇಳಿದರು.

“ಮೇಜಿನ ಮೇಲಿತ್ತಲ್ಲಮ್ಮ. ಆ ಜೊತೆ ನಿಮ್ಮಿಬ್ರದೇ ತಾನೆ?”

“ಮೇಜಿನ ಮೇಲಿದ್ದದ್ದು ನಂದು! ಅವಳದ್ದು ಅವಳು ಎಸೆದ್ಳಲ್ಲ!”

ಅಕ್ಕ ಶೆಡ್ಡಿಗೆ ಓಡಿದರು. ತಂಗಿಯ ಗವಸು ಮೇಜಿನ ಕೆಳಗೆ, ಗುಡಿಸಿಟ್ಟ ತೊಟ್ಟುಗಳ ರಾಶಿಯಲ್ಲಿತ್ತು. ಕೈ ಹಾಕುವ ಧೈರ್ಯವಾಗದೆ ಕತ್ತರಿಯ ತುದಿಯಿಂದ ಎತ್ತಿ, ಗವಸಿನ ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಸೀಳತೊಡಗಿದರು.

“ಒಂದೊಂದು ಬೆರಳು ಸೀಳುವಾಗ್ಲೂ ಜೀವ ಬಾಯಿಗೆ ಬರ್ತಿತ್ತು,” ಎಂದರು ನನಗೆ. “ಒಳಗೆ ಇದ್ರೆ ಭಯ. ಇಲ್ದಿದ್ರೆ ಅದಕ್ಕಿಂತ ಭಯ. ಅಲ್ಲಿ ಅವಳ ಹೊಟ್ಟೆ ಕುಯ್ದುಬಿಟ್ರೆ?”

ಉಂಗುರ ಬೆರಳಿನ ತುದಿಯಲ್ಲಿ ಇನ್ನೊಂದು ಜೇಡ ಜಜ್ಜಿಹೋಗಿತ್ತು. ಮಿರಿಮಿರಿ ಕಪ್ಪು, ಹೊಟ್ಟೆಯಡಿ ಕೆಂಪು ಗುರುತು.

ಅಕ್ಕ ಅದನ್ನು ಆಸ್ಪತ್ರೆಗೆ ಒಯ್ದು ತೋರಿಸಿದರು. “ಬ್ಲ್ಯಾಕ್ ವಿಡೋ, ವಿಷದ ಜೇಡ,” ಎಂದ ವೈದ್ಯೆ ಶಸ್ತ್ರಚಿಕಿತ್ಸೆಯ ಮಾತು ಕೈಬಿಟ್ಟು, ವಿಷಕ್ಕೆ ಮದ್ದು ತರಿಸಿದರು.

ಸಂಜೆಯ ಹೊತ್ತಿಗೆ ಹೊಟ್ಟೆ ಸಡಿಲಿತು. ತಂಗಿ ಕಣ್ಣು ತೆರೆದು, “ನನ್ನ ಗ್ಲೌಸ್ ಹರಿದುಹಾಕಿದ್ಯಂತೆ? ನಾಳೆ ಏನೇ ಹಾಕ್ಕೊಳ್ಲಿ?” ಎಂದರಂತೆ.

“ಬಾಯ್ಮುಚ್ಚೇ, ಎಡಚಿ!” ಎಂದ ಅಕ್ಕ ಅಲ್ಲೇ ನೆಲದ ಮೇಲೆ ಕುಸಿದು ಅತ್ತರು.

ಸಂಗ್ರಹಕ್ಕೆ ಸೇರಿದ್ದು: ಬಲಗೈಯ ಬಟ್ಟೆ ಗವಸು ಒಂದು, ಕಿರುಬೆರಳಿನ ಹೊರತು ಎಲ್ಲ ಬೆರಳೂ ಸೀಳಿದೆ. ತಂಗಿ ಸ್ವತಃ ತಂದುಕೊಟ್ಟು, ಎಡಗೈಯಲ್ಲಿ ಸಹಿ ಹಾಕಿದ್ದು ೨೦೧೯ರ ನವೆಂಬರ್ ೧೪ರಂದು.