ಸಿಡಿಲಿನ ತಿಂಗಳಲ್ಲಿ ಮಾರಿದ ಅಂಗಡಿ

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟರೆ ಹೊಟ್ಟೆ ತುಂಬುತ್ತದೆಯೇ ಎಂದು ಈಗಲೂ ಯಾರಾದರೂ ನನ್ನನ್ನು ಕೇಳುವುದುಂಟು. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಪುತ್ತೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ. ಹನ್ನೊಂದು ವರ್ಷ ಕಡಬದಲ್ಲಿ ಅದೇ ಅಂಗಡಿ ನಡೆಸಿದವನಿಗೆ ಉತ್ತರ ಗೊತ್ತಿರಲೇಬೇಕು ಎಂದು ಅವರ ಲೆಕ್ಕ. ಗೊತ್ತಿದೆ. ಆದರೆ ಅದನ್ನು ಹೇಳಲೇಬೇಕಾಗಿದ್ದ ಒಬ್ಬನಿಗೆ ನಾನು ಹೇಳಲಿಲ್ಲ.

ನಾನು ಕೆಲಸ ಕಲಿತದ್ದು ಪುತ್ತೂರಿನ ಒಂದು ಅಂಗಡಿಯಲ್ಲಿ. ಕಡಬ ತಾಲೂಕು ಆಗುತ್ತದೆ, ಕಚೇರಿಗಳು ಬರುತ್ತವೆ, ಒಂದೊಂದು ಕಚೇರಿಗೂ ಹತ್ತು ಹತ್ತು ಕಂಪ್ಯೂಟರ್ ಬರುತ್ತವೆ ಎಂದು ಆಗ ಎಲ್ಲರ ಬಾಯಲ್ಲೂ ಇತ್ತು. ನಾನೂ ನಂಬಿ ಬಸ್ ನಿಲ್ದಾಣದ ಹತ್ತಿರದ ಕಟ್ಟಡದ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದೆ. ತಾಲೂಕೂ ಆಯಿತು, ಕಚೇರಿಗಳೂ ಬಂದವು. ಅಲ್ಲಿನ ಕಂಪ್ಯೂಟರ್ ಕೆಟ್ಟರೆ ನೋಡಲು ಮಂಗಳೂರಿನಿಂದ ಗುತ್ತಿಗೆಯವರು ಬೈಕಿನಲ್ಲಿ ಬರುತ್ತಿದ್ದರು. ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ಸ್ಕ್ರೂಡ್ರೈವರ್ ಕೇಳುವುದಕ್ಕೆ ಮಾತ್ರ.

ನನಗೆ ಉಳಿದದ್ದು ಮನೆಗಳ ಯಂತ್ರಗಳು. ಪೆಟ್ಟಿಗೆ ಬಿಚ್ಚಿದರೆ ಒಳಗೆ ಇರುವೆಯ ಗೂಡು, ಹಲ್ಲಿಯ ಮೊಟ್ಟೆ. ನೆಲ್ಯಾಡಿ ಕಡೆಯ ರಬ್ಬರ್ ಮನೆಗಳಿಂದ ಬಂದ ಬೋರ್ಡುಗಳ ಮೇಲೆ ಹಸಿರು ಕಿಲುಬು. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಹಾಕುವ ಆಸಿಡ್ಡಿನ ಆವಿ ತಾಮ್ರವನ್ನು ತಿಂದುಬಿಡುತ್ತದೆ. ಎಷ್ಟು ವಿವರಿಸಿದರೂ ಗಿರಾಕಿ ಹೇಳುವುದು ಒಂದೇ ಮಾತು: "ಒಮ್ಮೆ ಫಾರ್ಮ್ಯಾಟ್ ಮಾಡಿ ಕೊಡಿ ಮಾರಾಯ್ರೆ, ಸರಿ ಆಗ್ತದೆ." ಎಲುಬು ಮುರಿದವನಿಗೆ ಸ್ನಾನ ಮಾಡಿಸಿ ಎಂದ ಹಾಗೆ. ಮೊದಮೊದಲು ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಆಮೇಲೆ ಫಾರ್ಮ್ಯಾಟ್ ಮಾಡಿಯೇ ಕೊಡತೊಡಗಿದೆ. ವಾರ ಕಳೆದು ಅವರು ಅದನ್ನೇ ಮತ್ತೆ ಹೊತ್ತು ತಂದರೆ ನನಗೆ ಸಿಟ್ಟೂ ಬರುತ್ತಿರಲಿಲ್ಲ.

ಮೊಬೈಲ್ ಎಲ್ಲರ ಕೈಗೆ ಬಂದಮೇಲೆ ಜನ ಮನೆಯ ಕಂಪ್ಯೂಟರಿಗೆ ಟವೆಲ್ ಹೊದೆಸಿಟ್ಟರು. ಲ್ಯಾಪ್‌ಟಾಪ್ ಇದ್ದವರು ಬಿಡಿಭಾಗವನ್ನು ಆನ್‌ಲೈನಿನಲ್ಲಿ ತರಿಸಿ, ಕೂರಿಸಿ ಕೊಡು ಎಂದು ನನ್ನ ಮುಂದೆ ಇಡುತ್ತಿದ್ದರು. ವರ್ಷದ ಹೆಚ್ಚಿನ ದಿನ ನಾನು ನೊಣ ಹೊಡೆಯುತ್ತ ಕೂತು, ಕೆಳಗೆ ಜೀಪಿನವರು ಹಳ್ಳಿಗಳ ಹೆಸರು ಕೂಗುವುದನ್ನು ಕೇಳುತ್ತಿದ್ದೆ.

ಒಂದು ಸಮಯ ಮಾತ್ರ ಬೇರೆ. ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದ ಮೇಲೆ, ಮಳೆಗಾಲ ಹಿಡಿಯುವ ಮೊದಲು, ಸುಮಾರು ಒಂದೂವರೆ ತಿಂಗಳು ನಮ್ಮಲ್ಲಿ ಸಂಜೆಯಾದರೆ ಗುಡುಗು. ಘಟ್ಟದ ಕಡೆ ಕಪ್ಪು ಕಟ್ಟಿತೆಂದರೆ ಹೆಂಗಸರು ಅಂಗಳದ ಅಡಿಕೆ ರಾಶಿಗೂ ಓಡಬೇಕು, ಒಳಗಿನ ಪ್ಲಗ್ಗುಗಳನ್ನು ಕಿತ್ತುಹಾಕಲಿಕ್ಕೂ ಓಡಬೇಕು. ಅಡಿಕೆ ಉಳಿಯುತ್ತಿತ್ತು, ಪ್ಲಗ್ ಮರೆತುಹೋಗುತ್ತಿತ್ತು. ಮರುದಿನ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಮೊದಲೇ ಮೆಟ್ಟಿಲಿನ ಮೇಲೆ ಜನ ನಿಂತಿರುತ್ತಿದ್ದರು. ಸುಟ್ಟ ಮೋಡೆಮ್, ಸುಟ್ಟ ಅಡಾಪ್ಟರ್, ಸುಟ್ಟ ಮದರ್‌ಬೋರ್ಡ್. ಈಚಿನ ವರ್ಷಗಳಲ್ಲಿ ಸಿಸಿಟಿವಿ ಪೆಟ್ಟಿಗೆಗಳೂ ಸೇರಿಕೊಂಡವು. ಅಂಗಳದ ಮೂಲೆಯ ಕ್ಯಾಮೆರಾದಿಂದ ಒಳಗೆ ಎಳೆದ ಉದ್ದದ ತಂತಿ ಸಿಡಿಲಿಗೆ ಒಳ್ಳೆಯ ದಾರಿ. ಆ ಆರು ವಾರಗಳ ದುಡಿಮೆಯಲ್ಲಿ ಉಳಿದ ವರ್ಷವನ್ನು ಎಳೆಯಬೇಕಾಗಿತ್ತು.

ಯಾರದೋ ಮನೆಗೆ ಸಿಡಿಲು ಬೀಳಲಿ ಎಂದು ಕಾಯುವ ಕಸುಬು ಅದು. ಸುರುವಿಗೆ ಅದು ಮನಸ್ಸಿಗೆ ಚುಚ್ಚುತ್ತಿತ್ತು. ಗುಡುಗಿದಾಗ ಒಳಗೊಳಗೇ ಖುಷಿಯಾಗಿ, ಮರುಕ್ಷಣ ಛೇ ಎನಿಸುತ್ತಿತ್ತು. ಹತ್ತನೆಯ ವರ್ಷದ ಹೊತ್ತಿಗೆ ಆ ಖುಷಿಯೂ ಇಲ್ಲ, ಛೇ ಎನ್ನುವುದೂ ಇಲ್ಲ. ಒಮ್ಮೆ ಒಬ್ಬರು ಎಲ್ಲರ ಎದುರು ನನ್ನನ್ನು ಕಳ್ಳ ಎಂದು ಬೈದರು. ಅವರ ಬಾಯಿಯ ಮೂಲೆಯಲ್ಲಿ ಅಂಟಿದ್ದ ಎಲೆಯಡಿಕೆಯ ಚೂರನ್ನೇ ನೋಡುತ್ತ ನಿಂತೆ. ಮನೆಗೆ ಹೋಗಿ ಉಂಡು ಮಲಗಿದೆ, ನಿದ್ದೆಯೂ ಬಂತು. ಎದೆ ಮರಗಟ್ಟಿದೆ ಎಂದು ನನಗೇ ಗೊತ್ತಾಗಿತ್ತು, ಅದರಿಂದ ತೊಂದರೆಯೇನೂ ಆಗಲಿಲ್ಲ.

ಹನ್ನೊಂದನೆಯ ವರ್ಷ ಸುಳ್ಯದ ಒಂದು ಕಾಲೇಜಿನ ಲ್ಯಾಬಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ನನ್ನನ್ನು ಕರೆದರು. ಜೂನಿನಲ್ಲಿ ಸೇರಬೇಕು. ತಿಂಗಳ ಸಂಬಳ, ಭಾನುವಾರ ರಜೆ. ಅಂಗಡಿಯನ್ನು ಸಾಮಾನು, ಹೆಸರು, ಗಿರಾಕಿಗಳ ಸಮೇತ ಯಾರಿಗಾದರೂ ದಾಟಿಸಿದರೆ ಮುಗಿಯಿತು. ಫೆಬ್ರವರಿಯಲ್ಲಿ ಇಬ್ಬರು ನೋಡಲು ಬಂದರು. ಅರ್ಧ ದಿನ ಕೂತು, ನನ್ನ ಖಾಲಿ ಕುರ್ಚಿಗಳನ್ನು ನೋಡಿ, ಚಹಾ ಕುಡಿದು ಹೋದವರು ಮತ್ತೆ ಫೋನ್ ಎತ್ತಲಿಲ್ಲ.

ಮೇ ತಿಂಗಳಲ್ಲಿ ಬಂದದ್ದು ನನ್ನ ಗೆಳೆಯ. ಡಿಪ್ಲೊಮಾ ಓದುವಾಗ ನಾವಿಬ್ಬರೂ ಮೂರು ವರ್ಷ ಒಂದೇ ಬೆಂಚು. ಅವನದು ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ನೆಲ್ಯಾಡಿಯ ಹತ್ತಿರ ನೆಲೆಸಿದ ಕ್ರಿಶ್ಚಿಯನ್ ಕುಟುಂಬ. ನನಗೆ ಲೆಕ್ಕ ತಲೆಗೆ ಹತ್ತದೆ ಇದ್ದಾಗ ಹೇಳಿಕೊಟ್ಟು ಪಾಸು ಮಾಡಿಸಿದವನು. ಹದಿನಾಲ್ಕು ವರ್ಷ ಗಲ್ಫಿನಲ್ಲಿ ಪ್ರಿಂಟರ್ ರಿಪೇರಿ ಮಾಡುತ್ತಿದ್ದ. ಅಲ್ಲಿನ ಕೆಲಸ ಹೋಗಿ ಊರಿಗೆ ಬಂದಿದ್ದ. ಮಂಗಳೂರಿನ ಒಂದು ಕಂಪನಿಯವರು ಅವನಿಗೆ ಕೆಲಸ ಕೊಡುತ್ತೇವೆ ಎಂದಿದ್ದರು, ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕಿತ್ತು. ಅವನಿಗೆ ಅದಕ್ಕೆ ಮನಸ್ಸಿರಲಿಲ್ಲ.

"ಮಗಳನ್ನು ಇಷ್ಟು ವರ್ಷ ಫೋನಲ್ಲಿ ನೋಡಿದ್ದೇ ಆಯ್ತು ಮಾರಾಯ" ಎಂದ. "ಮಂಗಳೂರಾದ್ರೆ ವಾರಕ್ಕೊಮ್ಮೆ ಬರುದು. ಇಲ್ಲೇ ಎಂತಾದ್ರೂ ಆದ್ರೆ ದಿನಾ ಮನೆಗೆ ಹೋಗ್ಬಹುದಲ್ಲ. ಅವಳಿಗೆ ಈಗ ಎಂಟನೇ ಕ್ಲಾಸು. ಮತ್ತೆ ಎಷ್ಟು ವರ್ಷ ಮನೆಯಲ್ಲಿ ಇರ್ತಾಳೆ?"

ಅವನ ಕೈಯಲ್ಲಿದ್ದ ಹಣ ಒಂದೇ ಸಲಕ್ಕೆ ಆಗುವಷ್ಟು. ಅಂಗಡಿಗೆ ಹಾಕಿದರೆ ಬೇರೆ ಯಾವುದಕ್ಕೂ ಉಳಿಯುವುದಿಲ್ಲ ಎಂದು ಅವನೇ ಹೇಳಿದ. "ಮೂರು ದಿನ ನಿನ್ನ ಜೊತೆ ಕೂತು ನೋಡ್ತೇನೆ, ಆಯ್ತಾ?"

ಆಯ್ತು ಎಂದೆ. ಹಿಂದಿನ ಸಂಜೆಯಷ್ಟೇ ಬಿಳಿನೆಲೆ ಕಡೆಯಿಂದ ಹಿಡಿದು ಇಡೀ ಸೀಮೆಯಲ್ಲಿ ಗುಡುಗಿತ್ತು. ಅವನು ಬರುವಾಗ ಮೆಟ್ಟಿಲಿನ ಮೇಲೆ ಏಳು ಜನ ಇದ್ದರು.

ಅವನು ಸುಮ್ಮನೆ ಕೂರುವವನಲ್ಲ. ಬ್ಯಾಗು ಇಟ್ಟು, ತೋಳು ಮಡಚಿ, ಮೊದಲ ಪೆಟ್ಟಿಗೆಯನ್ನೇ ಎಳೆದುಕೊಂಡ. ಬೋರ್ಡನ್ನು ಮೂಗಿಗೆ ಹಿಡಿದು, "ಇದು ರಬ್ಬರ್ ಶೀಟ್ ಒಣಗಿಸುವ ಮನೆಯದ್ದು, ಸಿಡಿಲು ಬೀಳದಿದ್ರೂ ಒಂದು ವರ್ಷದಲ್ಲಿ ಸಾಯ್ತಿತ್ತು" ಎಂದ. ತಂದವರು ಬೆರಗಾಗಿ ಹೌದು ಎಂದರು. ಬೆಸುಗೆ ಹಾಕುವ ಅವನ ಕೈ ನನ್ನದಕ್ಕಿಂತ ಎಷ್ಟೋ ಮೇಲು. ನಾನು ಬಿಸಾಡುವಂಥ ಮೂರು ಮೋಡೆಮ್‌ಗಳಿಗೆ ಅವನು ಜೀವ ಕೊಟ್ಟ. ಗಿರಾಕಿಗಳ ಜೊತೆ ತುಳು, ಮಲಯಾಳ, ಕನ್ನಡ, ಯಾವುದು ಬೇಕೋ ಅದರಲ್ಲಿ ತಮಾಷೆ ಮಾಡುತ್ತಿದ್ದ. ಎಷ್ಟೋ ವರ್ಷಗಳಿಂದ ಆ ಕೋಣೆಯಲ್ಲಿ ಯಾರೂ ನಕ್ಕಿರಲಿಲ್ಲ.

ಎರಡನೆಯ ದಿನ ಸಂಜೆ ಮತ್ತೆ ಗುಡುಗಿತು. ಮೂರನೆಯ ದಿನ ಇನ್ನೂ ಹೆಚ್ಚು ಜನ. ಮಧ್ಯಾಹ್ನ ಊಟಕ್ಕೆ ಹೋಗಲೂ ಪುರಸೊತ್ತಿಲ್ಲದೆ ಇಬ್ಬರೂ ಬನ್ ತಿಂದು ಚಹಾ ಕುಡಿದೆವು. ಅವನ ಅಂಗಿಯ ಮೇಲೆಲ್ಲ ಧೂಳು, ಮುಖದಲ್ಲಿ ಬೆವರು, ಕಣ್ಣಲ್ಲಿ ಹೊಳಪು. ಆಗ ಕೇಳಿದ.

"ವರ್ಷ ಇಡೀ ಹೀಗೆಯಾ?"

ಇದನ್ನು ಇವನು ಕೇಳಿಯೇ ಕೇಳುತ್ತಾನೆ ಎಂದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಉತ್ತರವೂ ನಾಲಿಗೆಯ ತುದಿಯಲ್ಲಿತ್ತು. ಬನ್ನಿನ ಚೂರನ್ನು ನುಂಗಿ, "ಮಳೆಗಾಲದಲ್ಲಿ ಸ್ವಲ್ಪ ಕಡಿಮೆ" ಎಂದೆ.

ಅವನು ತಲೆ ಆಡಿಸಿದ. ಇನ್ನೇನಾದರೂ ಹೇಳುತ್ತೇನೋ ಎಂದು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಅಷ್ಟರಲ್ಲಿ ಯಾರೋ ಸಿಸಿಟಿವಿ ಪೆಟ್ಟಿಗೆ ಹೊತ್ತು ಬಂದರು, ನಾನು ಎದ್ದು ಅವರ ಕಡೆ ಹೋದೆ. ಸುಳ್ಳು ಹೇಳಿದೆ ಎಂಬ ಅಳುಕು ಆಗಲಿಲ್ಲ. ಮನೆ ಬಿಡುವವರು ಬಾಗಿಲಿಗೆ ಬೀಗ ಹಾಕುವ ಹಾಗೆ ಒಂದು ಕೆಲಸ ಮಾಡಿ ಮುಗಿಸಿದ ಭಾವನೆ, ಅಷ್ಟೇ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಕೋಪ ಬರುತ್ತದೆ. ಆಗ ಬರಲಿಲ್ಲ.

ವಾರದೊಳಗೆ ಅವನು ಮಂಗಳೂರಿನವರಿಗೆ ಬರುವುದಿಲ್ಲ ಎಂದು ತಿಳಿಸಿದ. ಹಣ ತೆಗೆದುಕೊಂಡು ನಾನು ಅಂಗಡಿಯ ಕೀಲಿಕೈ ಕೊಡುವಾಗ ಅವನು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಿನ್ನಿಂದ ದೊಡ್ಡ ಉಪಕಾರ ಆಯ್ತು" ಎಂದ. ನಾನು ಸುಳ್ಯದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಜೂನ್ ಬಂತು, ಮಳೆ ಹಿಡಿಯಿತು, ಗುಡುಗು ನಿಂತಿತು. ಕಾಲೇಜಿನ ಕೆಲಸ ಸಲೀಸು. ಮಕ್ಕಳು ಮೌಸ್ ಕೆಡಿಸುತ್ತಾರೆ, ನಾನು ಬದಲಿಸುತ್ತೇನೆ.

ಅವನು ಎರಡು ಸಲ ಫೋನ್ ಮಾಡಿದ. ಒಮ್ಮೆ ಯಾವುದೋ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳಲು. ಇನ್ನೊಮ್ಮೆ, "ಜನ ಕಡಿಮೆ ಉಂಟು, ಅಲ್ವಾ?" ಎಂದು ಹೇಳಲು. ಬೈಯುತ್ತಾನೆ ಎಂದು ಕಾದೆ, ಬೈಯಲಿಲ್ಲ. ನಾನೇ ಹೋಗಿ ನೋಡಬೇಕು ಎಂದುಕೊಂಡದ್ದು ಜುಲೈಯಲ್ಲಿ, ಹೋದದ್ದು ಆಗಸ್ಟಿನ ಕೊನೆಗೆ.

ಮೆಟ್ಟಿಲು ಖಾಲಿ. ಒಳಗೆ ಕೋಣೆಯನ್ನು ಎರಡು ಭಾಗ ಮಾಡಿ ಒಂದರಲ್ಲಿ ಜೆರಾಕ್ಸ್ ಯಂತ್ರ ಇಟ್ಟಿದ್ದ. ಅದರ ಮುಂದೆ ಅವನ ಹೆಂಡತಿ ನಿಂತಿದ್ದಳು. ಅವನು ಮೇಜಿನ ಮೇಲೆ ಒಂದು ಹಳೆಯ ಪ್ರಿಂಟರನ್ನು ಬಿಚ್ಚಿಟ್ಟುಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು ಬಂದು, ಕುರ್ಚಿಯನ್ನು ಒರೆಸಿ ಕೊಟ್ಟ. ಸೊರಗಿದ್ದ.

"ಸೆಪ್ಟೆಂಬರಲ್ಲಿ ಮತ್ತೆ ಗಲ್ಫಿಗೆ ಹೋಗುದು" ಎಂದ, ನಾಳೆ ಪುತ್ತೂರಿಗೆ ಹೋಗುತ್ತೇನೆ ಎನ್ನುವಷ್ಟು ಸರಾಗವಾಗಿ. "ಅಲ್ಲಿ ಹಳೆಯ ಪರಿಚಯದವರೊಬ್ಬರು ಕರೆದಿದ್ದಾರೆ. ಅಂಗಡಿಯನ್ನು ಯಾರಿಗಾದ್ರೂ ಕೊಡ್ಬೇಕು."

ಮಗಳ ಬಗ್ಗೆ ನಾನು ಕೇಳಲಿಲ್ಲ.

ಅಂಗಡಿ ನೋಡಲು ಬರುತ್ತೇನೆಂದು ಹೇಳಿದ್ದ ಒಬ್ಬರು ಆಗಲೇ ಬಂದರು. ಆಲಂಕಾರು ಕಡೆಯವರು, ನಲವತ್ತರ ಆಸುಪಾಸು, ಅಲ್ಲಿಯವರೆಗೆ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವರಂತೆ. ಕಪಾಟು ನೋಡಿದರು, ಸಾಮಾನು ಮುಟ್ಟಿ ನೋಡಿದರು, ಬಾಡಿಗೆಯ ಕರಾರು ಕೇಳಿದರು. ಎಲ್ಲವೂ ಅವರ ಮನಸ್ಸಿಗೆ ಬಂದಂತಿತ್ತು. ಕೊನೆಗೆ ಕೇಳಿದರು.

"ಈಗ ಮಳೆಗೆ ಜನ ಇಲ್ಲ ಅಂತ ಇಟ್ಕೊಳ್ಳುವ. ಬಾಕಿ ಸಮಯ ಹೇಗೆ?"

ನನ್ನ ಕಾಲಿನ ಬೆರಳುಗಳು ಚಪ್ಪಲಿಯನ್ನು ಬಿಗಿ ಹಿಡಿದವು. ಮಳೆ ಬಿಟ್ಟ ಮೇಲೆ ಜೋರು ಉಂಟು ಎಂದು ಅವನು ಹೇಳಿದರೆ ಮುಗಿಯಿತು. ಅವನ ಟಿಕೆಟ್ಟಿನ ಹಣ ಬರುತ್ತದೆ, ಮಗಳ ಫೀಸು ಬರುತ್ತದೆ. ಅದನ್ನು ಹೇಳಲಿ ಎಂದೇ ನಾನು ಆಸೆಪಟ್ಟೆ. ಅವನೂ ನನ್ನಂತೆಯೇ ಮಾಡಿಬಿಟ್ಟರೆ ನಾವಿಬ್ಬರೂ ಸಮ ಆಗುತ್ತಿದ್ದೆವು.

"ಬಿಸು ಕಳೆದು ಒಂದೂವರೆ ತಿಂಗಳು ಒಳ್ಳೆ ಕೆಲಸ ಉಂಟು" ಎಂದ ಅವನು. "ಸಿಡಿಲಿಗೆ ಸುಟ್ಟದ್ದೆಲ್ಲ ಬರ್ತದೆ. ಮತ್ತೆ ವರ್ಷ ಇಡೀ ಎಂತ ಇಲ್ಲ. ಬೇರೆ ಒಂದು ಸಂಪಾದನೆ ಇದ್ರೆ ಮಾತ್ರ ತೆಗೊಳ್ಳಿ. ಇದನ್ನೇ ನಂಬಿ ತೆಗೊಳ್ಬೇಡಿ."

"ಹೇಳಿದ್ದು ಒಳ್ಳೆದಾಯ್ತು" ಎಂದು ಬಂದವರು ಕೈಮುಗಿದು ಕೆಳಗಿಳಿದು ಹೋದರು. ಅವನು ಪ್ರಿಂಟರಿನ ಮುಂದೆ ಕೂತು ಚಕ್ರದ ಹಲ್ಲುಗಳನ್ನು ಒರೆಸತೊಡಗಿದ.

"ಅಷ್ಟೆಲ್ಲ ಯಾಕೆ ಹೇಳಿದ್ದು?" ಎಂದೆ. ನನ್ನ ಸ್ವರ ಒರಟಾಗಿತ್ತು. "ಅವರು ತೆಗೆದುಕೊಳ್ಳುತ್ತಿದ್ದರಲ್ಲ."

ಅವನು ತಲೆ ಎತ್ತಲಿಲ್ಲ. ಉತ್ತರ ಬಂದದ್ದು ಜೆರಾಕ್ಸ್ ಯಂತ್ರದ ಕಡೆಯಿಂದ. ಅವನ ಹೆಂಡತಿ ನನ್ನನ್ನು ನೋಡದೆಯೇ, ಕೋಪವೂ ಇಲ್ಲದೆ ಹೇಳಿದಳು.

"ನಾನು ಮೇ ತಿಂಗಳಲ್ಲೇ ಇವರಿಗೆ ಹೇಳಿದ್ದೆ, ಸಿಡಿಲಿನ ಸಮಯದ ರಶ್ ನೋಡಿ ಅಂಗಡಿ ತೆಗೊಳ್ಬೇಡಿ ಅಂತ. ಇವರು ಕೇಳ್ಲಿಲ್ಲ. ಹಾಗೇನಾದ್ರೂ ಇದ್ರೆ ನನ್ನ ಗೆಳೆಯ ಅವ, ನನಗೆ ಹೇಳದೆ ಇರ್ತಾನಾ ಅಂತ ನನ್ನನ್ನೇ ಜೋರು ಮಾಡಿದ್ರು."

"ಅದೆಲ್ಲ ಈಗ ಎಂತಕ್ಕೆ" ಎಂದ ಅವನು.

ನನಗೆ ನಾಚಿಕೆಯಾಯಿತು. ಮುಖ ಬಿಸಿಯಾಗಿ, ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತೆ. ಅವಳು ಗಂಡನ ಪಾಸ್‌ಪೋರ್ಟನ್ನು ಗಾಜಿನ ಮೇಲೆ ಕವುಚಿ ಹಾಕಿ, ಎಷ್ಟು ಪ್ರತಿ ಬೇಕು ಎಂದು ಅವನನ್ನು ಕೇಳಿದಳು.