ಸಿಲೋನಿಗೆ ಇಪ್ಪತ್ತೆರಡು ಗಂಟು

ನಮ್ಮ ದೊಡ್ಡತ್ತೆ ಸಮುದ್ರಕ್ಕೆ ಹೆದರಿ ಅರ್ಧ ದಾರಿಯಿಂದ ವಾಪಸ್ಸು ಬಂದವರಲ್ಲ. ನಾನು ಸುಳ್ಳು ಹೇಳಿದ್ದೆ, ಅದಕ್ಕೆ ಬಂದರು. ನಡೆದದ್ದು ಇಷ್ಟೇ. ಮಿಕ್ಕಿದ್ದು ಕೇರಿಯವರು ಆಡಿಕೊಂಡ ಮಾತು. ಆಡಿಕೊಳ್ಳಲು ಬಿಟ್ಟವಳು ನಾನು.

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಮದುವೆಗೆ ಮುಂಚೆ ಯಾವಾಗಲೋ ಕಬ್ಬಿನ ಗದ್ದೆಯಲ್ಲಿ ಮಚ್ಚು ತಗುಲಿದ್ದಂತೆ. ಆ ಸೀಳಿನೊಳಗೆ ಸೆಣಬಿನ ಹುರಿ ಸಿಕ್ಕಿಸಿ, ಎಡಗೈಯಲ್ಲಿ ಒಂದು ಸುತ್ತು ಎಳೆದರೆ ಗಂಟು ಬೀಳುತ್ತಿತ್ತು. ಓದು ಬರಹ ಇಲ್ಲದ ಹೆಂಗಸು. ಎಮ್ಮೆ ಗಬ್ಬವಾದ ದಿನ, ಭತ್ತದ ಸಸಿಗೆ ಒಟ್ಲು ಹಾಕಿದ ದಿನ, ಹಬ್ಬಕ್ಕೆ ಉಳಿದ ದಿನ, ಎಲ್ಲ ಅವರ ಸೊಂಟದಲ್ಲಿ ಸಿಕ್ಕಿಸಿದ ಹುರಿಯಲ್ಲಿ ಗಂಟಾಗಿ ಇರುತ್ತಿತ್ತು. ನಮ್ಮ ಮಾವನವರೂ ‘ಅಕ್ಕಾ, ಎಷ್ಟು ದಿನಾಯ್ತು’ ಎಂದು ಕೇಳಿಯೇ ಗದ್ದೆಗೆ ನೀರು ಕಟ್ಟುತ್ತಿದ್ದರು.

ಅವರು ನನ್ನ ಗಂಡನ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡ ಸತ್ತು, ಕಂಕುಳಲ್ಲಿ ಒಂದು ಗಂಡುಕೂಸು ಹೊತ್ತುಕೊಂಡು ಕೆರಗೋಡಿನ ತವರಿಗೆ ಬಂದವರು ಅಲ್ಲೇ ಉಳಿದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ನನಗೆ ಅತ್ತೆ ಇರಲಿಲ್ಲ. ಮನೆ ನಡೆಸುತ್ತಿದ್ದವರು ಇವರೇ. ಆ ಮಗ ದೊಡ್ಡವನಾಗಿ, ಮೈಸೂರಿನಲ್ಲಿ ಮೋಟಾರು ಓಡಿಸುವುದು ಕಲಿತು, ಒಬ್ಬ ಬಿಳಿಯ ದೊರೆಯ ಜೊತೆ ಸಿಲೋನಿನ ಟೀ ತೋಟಕ್ಕೆ ಹೋಗಿಬಿಟ್ಟಿದ್ದ. ಕ್ಯಾಂಡಿ ಎನ್ನುವ ಊರಿನ ಹತ್ತಿರ. ಅಲ್ಲೇ ಒಂದು ಹೆಣ್ಣನ್ನು ಕಟ್ಟಿಕೊಂಡ. ಯಾವ ಜನವೋ ಏನೋ ಎಂದು ನಮ್ಮ ಮಾವ ಅವನ ಹೆಸರೆತ್ತುವುದನ್ನೇ ಬಿಟ್ಟರು. ಹೆಣ್ಣುಕೂಸು ಹುಟ್ಟಿದೆ ಎಂದು ಕಾರ್ಡು ಬಂದ ದಿನ ದೊಡ್ಡತ್ತೆ ಹೊಸ ಹುರಿ ಹೊಸೆದರು.

“ನಾನು ಓಗಿ ಆ ಉಡುಗೀಗೆ ಮಡ್ಲು ತುಂಬ್ಸಿ ಬತ್ತೀನಿ. ತುಂಬಿದ್ಮೇಲೆ ಅವ್ಳು ಈ ಮನೆ ಸೊಸೆ. ಆಮೇಲೆ ಯಾರು ಏನಂತಾರೋ ಅನ್ಲಿ,” ಎಂದರು.

ಮಾವ ತಲೆ ಎತ್ತಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಮಡಿಲಿಗೆ ಅಕ್ಕಿ ತುಂಬುವುದು ಮುತ್ತೈದೆಯ ಕೈಯಿಂದ ಆಗಬೇಕು. ಗಂಡ ಸತ್ತವರು ತುಂಬುವಂತಿಲ್ಲ. ಅದಕ್ಕೆ ಜೊತೆಗೊಬ್ಬ ಮುತ್ತೈದೆ ಬೇಕಿತ್ತು, ಅವಳ ಗಂಡ ಬೇಕಿತ್ತು. ಮನೆಯಲ್ಲಿ ಇದ್ದವರು ಇಬ್ಬರು. ನಾನು ಮತ್ತು ದುದ್ದದಿಂದ ಬಂದ ನನ್ನ ವಾರಗಿತ್ತಿ. ನಾನು ಮೂರನೇ ಕ್ಲಾಸು ಓದಿದ್ದೆ, ಕಾರ್ಡು ಓದಿ ಬರೆಯುತ್ತಿದ್ದೆ. ಆದ್ದರಿಂದ ನಾನೇ ಎಂದಾಯಿತು. ವಾರಗಿತ್ತಿಯ ಮುಖ ಸಣ್ಣದಾಯಿತು. ನನಗೆ ಸಂತೋಷವಾಯಿತು. ಅದೂ ಬರೆದಿರಲಿ.

ಆಮೇಲೆ ಎರಡು ತಿಂಗಳು ದೊಡ್ಡತ್ತೆಗೆ ಅದೇ ಕೆಲಸ. ಮಂಡ್ಯಕ್ಕೆ ಹೋದಾಗಲೆಲ್ಲ ಸ್ಟೇಷನ್ನಿನಲ್ಲಿ ಟಿಕೆಟ್ಟು ಕೊಡುವ ಗುಮಾಸ್ತರ ಕಿಟಕಿಯ ಮುಂದೆ ಒಂದು ಬೆಲ್ಲದ ಅಚ್ಚು ಇಟ್ಟು ನಿಲ್ಲುವರು. ಅವರು ರೈಲಿನ ಪುಸ್ತಕ ತೆಗೆದು ಓದಬೇಕು, ಇವರು ಗಂಟು ಹಾಕಬೇಕು.

“ಏನಮ್ಮ, ಲಂಕೆಗೆ ಹೊರಟಿದ್ದೀಯ, ರಾವಣನ್ನ ನೋಡೋಕಾ?” ಎಂದರು ಒಂದು ದಿನ ಗುಮಾಸ್ತರು.

“ನನ್ನ ಮಗನ್ನ ನೋಡಕ್ಕೆ ಕಣ್ ಸ್ವಾಮಿ. ಅವ್ನೂ ಅತ್ತು ತಲೆಯೋನೆಯ. ಒಂದ್ರಲ್ಲೂ ಬುದ್ಧಿ ಇಲ್ಲ.”

ಗುಮಾಸ್ತರಿಗೆ ಹುರುಪು ಬಂತು. ಚಿದಂಬರ ನೋಡಿ, ತಂಜಾವೂರು ನೋಡಿ, ಎಲ್ಲ ಆ ಕಡೆಯೇ ಇದೆ, ಎರಡೆರಡು ದಿನ ಹಾಕಿಕೊಂಡರೆ ಆಯಿತು ಎಂದರು.

“ಆ ಕಡೆ ಇರೋದ್ನೆಲ್ಲ ನೋಡ್ತಾ ಕುಂತ್ರೆ ಮಗನ ಮನೇಗೆ ನನ್ನ ಎಣ ಓಯ್ತದೆ. ನೀವು ರೈಲು ಓದಿ.”

ಹುರಿಯಲ್ಲಿ ಇಪ್ಪತ್ತೆರಡು ಗಂಟು ಆದವು. ಒಂದು ಗಂಟಿಗೆ ಒಂದು ದಿನ. ದೇವರ ದರ್ಶನವಿದ್ದ ಗಂಟಿಗೆ ಅರಿಸಿನದ ದಾರ. ನಾಲ್ಕನೆಯದು ಮಧುರೆ. ಆರು, ಏಳು ರಾಮೇಶ್ವರ. ಎಂಟರಲ್ಲಿ ಮಂಟಪ ಎನ್ನುವ ಕಡೆ ಡಾಕ್ಟರು ನಮ್ಮನ್ನು ನೋಡಿ, ರೋಗ ಇಲ್ಲ ಎಂದು ಬಿಡಬೇಕು. ಹತ್ತನೆಯದು ಹಡಗು ಇಳಿಯುವ ದಿನ. ಅದನ್ನು ಎರಡು ಸುತ್ತು ಹಾಕಿ ಬಿಗಿದಿದ್ದರು. ಅದು ಮಗನ ಗಂಟು. ಅಲ್ಲಿಂದ ಆರು ದಿನ ಮಗನ ಮನೆ. ಅದರಲ್ಲಿ ಎರಡು ದಿನ ಮಾತ್ರ ಬೆಳಿಗ್ಗೆ ಹೋಗಿ ಸಂಜೆಗೆ ಬರುವ ಜಾಗ. ಒಂದು ದಿನ ಕ್ಯಾಂಡಿಯ ಬುದ್ಧನ ಗುಡಿ, ಇನ್ನೊಂದು ದಿನ ಸೀತಮ್ಮ ಇದ್ದಳು ಎನ್ನುವ ಬೆಟ್ಟ. ನಡುವೆ ಊರೂ ಇಲ್ಲದ, ದಾರವೂ ಇಲ್ಲದ ಬರೀ ಗಂಟುಗಳು ಮೂರು ಇದ್ದವು.

“ಇದೇನತ್ತೆ, ಇದ್ಕೆ ಊರೇ ಇಲ್ಲ?” ಎಂದೆ.

“ಅದು ಏನೂ ಇಲ್ದಿರೋ ದಿನ. ರೈಲು ತಪ್ತದೆ. ಒಟ್ಟೆ ಕೆಡ್ತದೆ. ನಿನ್ನ ಗಂಡ ಎಲ್ಲೋ ಬಾಯ್ ಬುಟ್ಕೊಂಡು ನಿಂತ್ಕತಾನೆ. ಅದ್ಕೂ ದಿನ ಬ್ಯಾಡ್ವಾ?”

ರೈಲು ಹತ್ತಿ ಇಳಿಯುವುದು ಕಲಿಯಲೆಂದೇ ನಮ್ಮಿಬ್ಬರನ್ನೂ ಒಂದು ಸಲ ಮಂಡ್ಯದಿಂದ ಮದ್ದೂರಿಗೆ ಕರೆದುಕೊಂಡು ಹೋದರು. ಸಿಲೋನಿಗೆ ಒಯ್ಯುವಷ್ಟೇ ಗಂಟುಮೂಟೆ ಹೊರಿಸಿದ್ದರು. ಮದ್ದೂರಿನಲ್ಲಿ ನಮ್ಮ ಯಜಮಾನರು ಒಂದು ಮೂಟೆ ಗಾಡಿಯಲ್ಲೇ ಬಿಟ್ಟು ಇಳಿದರು. ಅದು ಬೆಂಗಳೂರಿನ ಕಡೆಗೆ ಹೊರಟುಹೋಯಿತು. ನಾನು ಅಳುವ ಹಾಗಾದೆ. ದೊಡ್ಡತ್ತೆ, “ಅದ್ರಲ್ಲಿ ಬರೀ ಉಲ್ಲು ತುಂಬಿದ್ದೆ ಕಣ್ಲಾ, ನೀನು ಬುಡ್ತೀಯ ಅಂತ ಗೊತ್ತಿತ್ತು,” ಎಂದು ನಡೆದೇಬಿಟ್ಟರು.

ಇಷ್ಟು ಮುಂದಾಲೋಚನೆ ಇದ್ದವರಿಗೆ ನಾನು ಮಾಡಿದ್ದು ಹೇಳುತ್ತೇನೆ.

ಹೊರಡುವ ದಿನ ಗೊತ್ತು ಮಾಡುವ ಮುಂಚೆ ಅವರು ನನ್ನನ್ನು ಹಿತ್ತಿಲಿಗೆ ಕರೆದು, “ನೀನು ಒರಗಾಗೋದು ಯಾವತ್ತು ಮಗ?” ಎಂದು ಕೇಳಿದರು. ತಿಂಗಳ ಮುಟ್ಟು ರಾಮೇಶ್ವರದಲ್ಲಿ ಬಂದರೆ ಗುಡಿಯಿಲ್ಲ, ಮಗನ ಮನೆಯಲ್ಲಿ ಬಂದರೆ ಮಡಿಲು ತುಂಬುವಂತಿಲ್ಲ. ಅದಕ್ಕೇ ಒಂದು ಕೆಂಪು ದಾರ ಇಟ್ಟುಕೊಂಡಿದ್ದರು. ನನ್ನ ದಿನ ನೋಡಿ, ಅದು ಬರುವಾಗಿನ ದಾರಿಯಲ್ಲಿ ಬೀಳುವ ಹಾಗೆ ಪ್ರಯಾಣ ಹೊಂದಿಸುವುದು ಅವರ ಲೆಕ್ಕ.

ನನಗೆ ಆಗಲೇ ಎರಡು ತಿಂಗಳು ನಿಂತಿತ್ತು. ನನಗೆ ಗೊತ್ತಿತ್ತು. ಬಸುರಿ ಸಮುದ್ರ ದಾಟಬಾರದು, ಬಸುರಿಯ ಗಂಡನೂ ಸಮುದ್ರ ಮೀಯಬಾರದು ಎಂಬುದು ನಮ್ಮ ಕಡೆಯ ಕಟ್ಟು. ಬಾಯಿ ಬಿಟ್ಟರೆ ನಾವಿಬ್ಬರೂ ಉಳಿದು, ವಾರಗಿತ್ತಿ ಗಂಡನ ಜೊತೆ ಹೋಗುತ್ತಾಳೆ. ಬಂದು ಹಡಗು ಹಾಗಿತ್ತು, ಹೀಗಿತ್ತು ಎಂದು ಬದುಕಿರುವ ತನಕ ಹೇಳುತ್ತಾಳೆ.

“ಉಣ್ಣಿಮೆ ಕಳೆದು ನಾಕು ದಿನಕ್ಕೆ ಕಣತ್ತೆ,” ಎಂದೆ.

ಹುಣ್ಣಿಮೆ ಕಳೆದ ನಾಲ್ಕನೇ ದಿನ ಹೊರಜಗಲಿಯ ಮೇಲೆ ಹೋಗಿ ಕೂತೆ. ಬೇರೆ ತಟ್ಟೆ, ಬೇರೆ ಚೊಂಬು, ಮೂರು ದಿನ. ಕೇರಿಯವರೆಲ್ಲ ನೋಡಿದರು. ದೊಡ್ಡತ್ತೆ ದೂರದಿಂದ ಮುದ್ದೆ ಇಟ್ಟು ಹೋಗುತ್ತಿದ್ದರು. ಅವರು ಹುರಿಗೆ ಕೆಂಪು ದಾರ ಕಟ್ಟಿದ್ದನ್ನು ನಾನು ಜಗಲಿಯ ಮೇಲಿನಿಂದಲೇ ನೋಡಿದೆ. ಆ ಮಾರನೇ ದಿನ ನಮ್ಮ ಯಜಮಾನರು ನೆಂಟರ ಆಲೆಮನೆ ಕೆಲಸಕ್ಕೆ ಪೂರಿಗಾಲಿಗೆ ಹೋದವರು, ಹೊರಡುವ ಹಿಂದಿನ ದಿನ ವಾಪಸ್ಸು ಬಂದರು.

ಯುದ್ಧ ಶುರುವಾದ ವರ್ಷದ ಬೇಸಿಗೆ ಅದು. ಮಧುರೆಯ ತನಕ ಎಲ್ಲ ಹುರಿಯಲ್ಲಿದ್ದ ಹಾಗೆಯೇ ನಡೆಯಿತು. ಐದನೇ ಗಂಟಿನ ಬೆಳಿಗ್ಗೆ ಛತ್ರದಲ್ಲಿ ನನಗೆ ಹೊಟ್ಟೆನೋವು ಎದ್ದು ರಕ್ತ ಕಾಣಿಸಿಕೊಂಡಿತು. ಜಟಕಾದಲ್ಲಿ ಆಸ್ಪತ್ರೆಗೆ ಹೋದೆವು. ನಮಗೆ ತಮಿಳು ಬಾರದು. ನರ್ಸಮ್ಮ ನನ್ನ ಹೊಟ್ಟೆ ಒತ್ತಿ ನೋಡಿ, ದೊಡ್ಡತ್ತೆಯ ಮುಖದ ಮುಂದೆ ಮೂರು ಬೆರಳು ಎತ್ತಿ ತೋರಿಸಿದಳು. ಆಮೇಲೆ ಅಂಗೈ ಅಗಲಿಸಿ, ಅಲ್ಲಾಡದೆ ಮಲಗಬೇಕು ಎಂದು ಸನ್ನೆ ಮಾಡಿದಳು.

ದೊಡ್ಡತ್ತೆ ಆ ಮೂರು ಬೆರಳು ನೋಡಿದರು. ಸೊಂಟದ ಹುರಿ ತೆಗೆದು ಕೆಂಪು ದಾರ ನೋಡಿದರು. ಹುರಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದರು. ಕೊನೆಗೆ ಕೇಳಿದ್ದು ಒಂದೇ.

“ಮೂರು ದಿನ ಜಗ್ಲೀಲಿ ಆ ಬಿಸ್ಲಲ್ಲಿ ಸುಮ್‌ಸುಮ್ನೆ ಕೂತಿದ್ದಾ? ಸೆಕೆ ಆಗ್ನಿಲ್ವಾ ಮಗ?”

ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ.

ರಾಮೇಶ್ವರಕ್ಕೆ ಹೋಗುವ ಜನ ಎಷ್ಟೋ ಇದ್ದರು. ‘ಅವರ ಜೊತೆ ನೀನು ಹೋಗತ್ತೆ, ಇವಳನ್ನ ನಾನು ನೋಡ್ಕೋತೀನಿ’ ಎಂದರು ನಮ್ಮ ಯಜಮಾನರು. “ಮದ್ದೂರಲ್ಲಿ ಮೂಟೆ ನೋಡ್ಕಂಡಂಗಾ?” ಎಂದು ದೊಡ್ಡತ್ತೆ ಒಲೆ ಹೂಡಲು ಕಲ್ಲು ಹುಡುಕಿದರು. ಛತ್ರದಲ್ಲಿ ಮೂರು ದಿನಕ್ಕಿಂತ ಹೆಚ್ಚು ಇರುವಂತಿರಲಿಲ್ಲ. ಅಲ್ಲಿನ ಮೇಲ್ವಿಚಾರಕರ ಕಾಲು ಹಿಡಿದು, ಅಂಗಳ ಗುಡಿಸುತ್ತೇನೆ, ಪಾತ್ರೆ ತೊಳೆಯುತ್ತೇನೆ ಎಂದು ಒಪ್ಪಿಸಿ ಹನ್ನೆರಡು ದಿನ ಉಳಿಸಿಕೊಂಡರು. ನಮ್ಮ ಮನೆಯಲ್ಲಿ ಯಾರ ಮುಂದೆಯೂ ತಲೆ ಬಾಗದ ಹೆಂಗಸು. ಅವರು ಗುಡಿಸುವುದನ್ನು ನಾನು ಮಲಗಿಕೊಂಡು ನೋಡಿದೆ.

ಸೊಸೆಯ ಮಡಿಲಿಗೆಂದು ನಮ್ಮ ಗದ್ದೆಯ ಸಣ್ಣಕ್ಕಿ ಎರಡು ಸೇರು, ಹೊಸ ಬಟ್ಟೆಯಲ್ಲಿ ಕಟ್ಟಿ ತಂದಿದ್ದರು. ಅದನ್ನು ಬಿಚ್ಚಿ ದಿನಾ ನನಗೆ ಗಂಜಿ ಕಾಯಿಸಿದರು. ಹತ್ತನೇ ಗಂಟಿನ ದಿನವೂ ಕಾಯಿಸಿದರು. ನಾನು ಬೇಡ ಎಂದೆ. “ಕುಡಿ. ಒಳಗಿರೋದು ಏನು ಪಾಪ ಮಾಡ್ಯದೆ?” ಎಂದರು.

ಮಗನಿಗೆ ಕಾರ್ಡು ಬರೆಯಬೇಕಾಯಿತು. ಬರೆಯುವವಳು ನಾನೇ. ‘ಸಮುದ್ರಕ್ಕೆ ಹೆದರಿಕೆಯಾಯಿತು, ವಾಪಸ್ಸು ಹೋಗುತ್ತೇನೆ’ ಎಂದು ಬರೆಸಿದರು. “ಯಾಕತ್ತೆ?” ಎಂದೆ.

“ಕಾರ್ಡು ಅಂದ್ರೆ ಅತ್ತು ಜನ ಓದ್ತಾರೆ. ಅವ್ನು ಉತ್ರ ಬರೀತಾನೆ, ಅದ್ನೂ ಅತ್ತು ಜನ ಓದ್ತಾರೆ. ನೀನು ಒರಗೆ ಕೂತಿದ್ನ ಕೇರಿಯೆಲ್ಲ ನೋಡ್ಯದೆ. ಆಮೇಲಿಂದ ನಿನ್ನ ಗಂಡ ಪೂರಿಗಾಲೀಲಿದ್ದ. ಈಗ ಮೂರು ತಿಂಗ್ಳು ಅಂದ್ರೆ ಬೆರಳು ಮಡಚಿ ಎಣಿಸ್ತಾರೆ. ನಿನ್ ಸುಳ್ಳಿಗೆ ಆ ಕೂಸಿಗ್ಯಾಕೆ ಕೆಟ್ಟ ಎಸರು? ಬರಿ.”

ಬರೆದೆ. ಅಷ್ಟು ದುಂಡಗೆ ನಾನು ಎಂದೂ ಬರೆದಿರಲಿಲ್ಲ.

ಊರಿಗೆ ಬಂದು ಎಲ್ಲರ ಮುಂದೆಯೂ ಅದನ್ನೇ ಹೇಳಿದರು. ಮಗು ಹುಟ್ಟಿದಾಗ, ಏಳು ತಿಂಗಳಿಗೇ ಹುಟ್ಟಿತು ಎಂದು ಅವರೇ ಸಾರಿದರು. ಕುಂಬಳಕಾಯಿಯಂಥ ಕೂಸು. ಅವರ ಮುಖ ನೋಡಿಕೊಂಡು ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಆ ಕೂಸಿಗೆ ಈಗ ಮೊಮ್ಮಕ್ಕಳಿದ್ದಾರೆ.

ಸಿಲೋನಿನಿಂದ ಒಂದು ಕಾರ್ಡು ಬಂತು. ನಮ್ಮದು ತಲುಪುವ ಮುಂಚೆಯೇ ಅವನು ಹೆಂಡತಿ ಮಗಳ ಜೊತೆ ಹಡಗಿನ ಕಟ್ಟೆಗೆ ಬಂದು ಎರಡು ದಿನ ಕಾದಿದ್ದನಂತೆ. ‘ನನ್ನ ಹೆಂಡತಿಯ ಮುಖ ನೋಡಲು ಮನಸ್ಸಿಲ್ಲದಿದ್ದರೆ ಹಾಗೇ ಹೇಳಬಹುದಿತ್ತು. ಸಮುದ್ರದ ಮೇಲೆ ಯಾಕೆ ಹಾಕಿದೆ’ ಎಂದು ಬರೆದಿದ್ದ. ಓದಿ ಹೇಳಿದವಳೂ ನಾನೇ. ಅಲ್ಲಾದರೂ ಒಂದು ಸುಳ್ಳು ಓದಬಹುದಿತ್ತು. ಆಗ ಮಾತ್ರ ಇದ್ದದ್ದು ಇದ್ದಹಾಗೆ ಓದಿದೆ. ದೊಡ್ಡತ್ತೆ ಕೇಳಿಸಿಕೊಂಡು ಎಮ್ಮೆಗೆ ಹುಲ್ಲು ಹಾಕಲು ಎದ್ದು ಹೋದರು. ಅವನು ಮತ್ತೆ ಬರೆಯಲಿಲ್ಲ. ಯುದ್ಧ ಬಂತು. ನಮ್ಮಂಥವರಿಗೆ ಇನ್ನು ಹಡಗು ಸಿಗುವುದು ಕಷ್ಟ ಎಂದರು ಸ್ಟೇಷನ್ನಿನ ಗುಮಾಸ್ತರು. ಅಂದು ಅವರು ಬೆಲ್ಲ ಮುಟ್ಟಲಿಲ್ಲ.

ಊರಿನಲ್ಲಿ ಅವರಿಗೆ ಸಿಲೋನಮ್ಮ ಎಂದೇ ಹೆಸರಾಯಿತು. ಬಾವಿಯ ಹತ್ತಿರ ಹೆಂಗಸರು, “ಸಿಲೋನಮ್ಮ, ಸಮುದ್ರ ಎಷ್ಟು ಆಳ ಇತ್ತವ್ವ?” ಎನ್ನುವರು. “ನಿನ್ನ ಬಾಯಷ್ಟು ಕಣೆ,” ಎಂದು ಬಿಂದಿಗೆ ಎತ್ತಿಕೊಳ್ಳುವರು. ನಾನು ಪಕ್ಕದಲ್ಲೇ ಹಗ್ಗ ಹಿಡಿದು ನಿಂತಿರುತ್ತಿದ್ದೆ. ಒಂದು ದಿನವೂ ಬಾಯಿ ಬಿಡಲಿಲ್ಲ. ಆ ಇಪ್ಪತ್ತೆರಡು ಗಂಟಿನ ಹುರಿ ರಾಗಿ ಚೀಲದ ಬಾಯಿ ಕಟ್ಟಲು ಬಂತು. ದಿನಾ ಬಿಚ್ಚಿ ಕಟ್ಟುತ್ತಿದ್ದವಳು ನಾನು.

ದೇಶಕ್ಕೆ ಸ್ವಾತಂತ್ರ್ಯ ಬರುವ ಹಿಂದಿನ ವರ್ಷ, ಎಂಟು ದಿನದ ಜ್ವರದಲ್ಲಿ ತೀರಿಕೊಂಡರು. ಕೊನೆಗೆ ಯಾರ ಹೆಸರನ್ನೂ ಕರೆಯಲಿಲ್ಲ. ಹೆಣಕ್ಕೆ ನೀರು ಹಾಕುವಾಗ ಒಬ್ಬಾಕೆ, “ಸಮುದ್ರಕ್ಕೆ ಎದ್ರಿ ಓಡಿ ಬಂದೋಳು, ಸಾವ್ಗೆ ಎದ್ರನಿಲ್ಲ ನೋಡು,” ಎಂದಳು. ನಾಲ್ಕು ಜನ ಹೂಂ ಎಂದರು. ಚೊಂಬು ನನ್ನ ಕೈಯಲ್ಲಿತ್ತು. ಆಗಲೂ ನಾನು ಸುಮ್ಮನೆ ನೀರು ಹಾಕಿದೆ.

ಮಾರನೇ ದಿನ ಬೆಳಿಗ್ಗೆ, ಸೂತಕದ ಮನೆಯಿಂದ ಹೊರಗೆ ಹೋಗಬಾರದು ಎಂದು ವಾರಗಿತ್ತಿ ಅಡ್ಡ ನಿಂತಳು. ದಾಟಿಕೊಂಡು ಹೋದೆ. ನಮ್ಮೂರಿನ ಅಂಚೆ ನೋಡಿಕೊಳ್ಳುತ್ತಿದ್ದ ಮೇಷ್ಟ್ರ ಜಗಲಿ ಇದ್ದದ್ದು ಬಾವಿಗೆ ಎದುರಾಗಿ. ಸಿಲೋನಿಗೆ ಎಂದಾಗ ಅವರು, “ಸಾವಿನ ಸುದ್ದಿ, ಮನೆ ವಿಷಯ. ಕವರು ತಗೊಳ್ಳಮ್ಮ,” ಎಂದರು. ಬೇಡ, ಕಾರ್ಡೇ ಕೊಡಿ ಎಂದೆ. ಅಲ್ಲೇ ಕೂತು ಬರೆದೆ. ನಿಮ್ಮವ್ವ ನಿನ್ನೆ ಹೋದರು. ಅವರು ಸಮುದ್ರಕ್ಕೆ ಹೆದರಲಿಲ್ಲ. ನಿನ್ನ ಹೆಂಡತಿಯ ಮಡಿಲಿಗೆ ಅಕ್ಕಿ ತಂದಿದ್ದರು. ನಾನು ಬಸುರಿ ಎಂಬುದನ್ನು ಮುಚ್ಚಿಟ್ಟು, ಮುಟ್ಟೆಂದು ಸುಳ್ಳೇ ಹೊರಗೆ ಕೂತು ಹೊರಟಿದ್ದೆ. ನನ್ನ ಕೂಸು ಉಳಿಸಲು ವಾಪಸ್ಸು ಬಂದರು. ಆ ಅಕ್ಕಿ ನಾನು ಉಂಡೆ.

ಬರೆದು ಮೇಷ್ಟ್ರ ಕೈಗೆ ಕೊಟ್ಟೆ. ಅವರು ಓದಿ, ನನ್ನ ಮುಖ ನೋಡಿ, ಕಾರ್ಡನ್ನು ಮಗುಚಿ ಹಿಡಿದರು. ಬಾವಿಯ ಹತ್ತಿರ ಐದಾರು ಹೆಂಗಸರಿದ್ದರು.

“ಜೋರಾಗಿ ಓದಿ ಮೇಷ್ಟ್ರೆ. ಸರ್ಯಾಗಿ ಬರ್ದಿದ್ದೀನಾ ಕೇಳ್ಬೇಕು,” ಎಂದೆ.

ಓದಿದರು. ಓದಿ ಮುಗಿಯುವ ತನಕ ನಾನು ಅಲ್ಲೇ ನಿಂತಿದ್ದೆ.