ದಾದಾನ ತಟ್ಟೆ, ಒಂದು ಹಿಡಿ ಮಣೂಕ

ಏಪ್ರಿಲ್ 9, ಬುಧವಾರ, ಸಂಜೆ 6.40.

ದಾದಾ ತಟ್ಟೆಯ ತನಕ ಬಂದ. ಮೂಸಿದ. ನನ್ನ ಮುಖ ನೋಡಿದ. ತಿರುಗಿ ಹೋಗಿ ಬಾಗಿಲ ಪಕ್ಕ ಮಲಗಿದ. ಹಾಲಿನಲ್ಲಿ ನೆನೆಸಿದ ನಾಲ್ಕು ಜೋಳದ ರೊಟ್ಟಿ ಹಾಗೇ ಉಳಿದವು.

ನೋಟ್‌ಬುಕ್ಕಿನಲ್ಲಿ ಬರೆದೆ: ಸಂಜೆ, ಸೊನ್ನೆ.

ದಾದಾ ನಮ್ಮ ನಾಯಿ. ಜರ್ಮನ್ ಶೆಫರ್ಡ್, ಹತ್ತು ವರ್ಷ, ಮೂವತ್ತಾರು ಕಿಲೋ. ಹೆಸರಿಟ್ಟವಳು ಅವ್ವ. ಇಬ್ಬರೂ ಹೆಣ್ಣುಮಕ್ಕಳು, ಮನೆಗೊಬ್ಬ ಅಣ್ಣ ಇರಲಿ ಎಂದು ನಗುತ್ತ ಹಾಗೆ ಕರೆದಿದ್ದಳು. ಅವ್ವ ಹೋಗಿ ಎರಡು ವರ್ಷವಾಯಿತು. ಅಕ್ಕ ಶೋಭಾ ಮದುವೆಯಾಗಿ ಬಬಲೇಶ್ವರದಲ್ಲಿದ್ದಾಳೆ. ಇಬ್ರಾಹಿಂಪುರದ ಈ ಮನೆಯಲ್ಲಿ ಅವ್ವನ ದನಿ ಗೊತ್ತಿದ್ದವರು ಇನ್ನು ಇಬ್ಬರೇ, ನಾನು ಮತ್ತು ಅವನು.

ನಾನು ತಿಕೋಟಾದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತೇನೆ. ಒಳಬಂದ ಒಣದ್ರಾಕ್ಷಿಯ ಪೆಟ್ಟಿಗೆ ಎಷ್ಟು, ಹೊರಹೋದದ್ದು ಎಷ್ಟು ಎಂದು ಬರೆದಿಡುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಎಣಿಸುವ ಚಟ ಬಿಡುವುದಿಲ್ಲ. ಅವ್ವ ಹೋದಂದಿನಿಂದ ದಾದಾನ ಊಟವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಒಂದು ದಿನ ಮನೆಯೊಳಗೆ ಎಷ್ಟು ಮಾತಾಡುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಹದಿನಾಲ್ಕು. ಹದಿನಾಲ್ಕೂ ದಾದಾನಿಗೆ.

10ನೇ ತಾರೀಖು ಎರಡು ರೊಟ್ಟಿ. 11, ಒಂದೂವರೆ. 12, ಒಂದು. 13, ಅರ್ಧ. ಬಿಸಿಲಿಗೆ ಹೀಗೆ ಎಂದುಕೊಂಡೆ. ವಯಸ್ಸಾಯಿತು ಎಂದೂ ಅಂದುಕೊಂಡೆ. 14ಕ್ಕೆ ಪಶುವೈದ್ಯರ ಹತ್ತಿರ ಒಯ್ದೆ. ದೊಡ್ಡ ನಾಯಿಯನ್ನು ಯಾವ ಆಟೊದವರೂ ಹತ್ತಿಸಿಕೊಳ್ಳಲಿಲ್ಲ. ಪಕ್ಕದ ಮನೆಯ ಹಸೀನಾ ಆಪಾ ತನ್ನ ಗಂಡನ ಗೂಡ್ಸ್ ಟೆಂಪೊ ಹೊರಡಿಸಿದಳು.

ಡಾಕ್ಟರು ಸೊಂಟ ಮುಟ್ಟಿದರು, ಹಿಂಗಾಲು ಹಿಂದಕ್ಕೆ ಎಳೆದರು. ದಾದಾ ಹಲ್ಲು ತೋರಿಸಿದ. ಆಮೇಲೆ ಕುತ್ತಿಗೆ ಹಿಡಿದು ಮೆಲ್ಲಗೆ ಕೆಳಗೆ ಬಗ್ಗಿಸಿದರು. ನಾನು ಎಂದೂ ಕೇಳದ ದನಿಯಲ್ಲಿ ಕುಂಯ್ ಎಂದ.

"ಹಸಿವಿ ಐತ್ರಿ ಇವಂಗ. ಬಗ್ಗಾಕ ಆಗವಲ್ದು, ಅಷ್ಟ. ಕೀಲು ಸವದಾವ. ತಟ್ಟಿ ಎತ್ತರಕ್ಕ ಇಟ್ಟು ನೋಡ್ರಿ."

ಕೋಲ್ಡ್ ಸ್ಟೋರೇಜಿನಿಂದ ದ್ರಾಕ್ಷಿಯ ಒಂದು ಪ್ಲಾಸ್ಟಿಕ್ ಕ್ರೇಟ್ ತಂದು ಬೋರಲು ಹಾಕಿ ಅದರ ಮೇಲೆ ತಟ್ಟೆ ಇಟ್ಟೆ. ದಾದಾ ನಿಂತೇ ಉಂಡ. ಮೂರು ರೊಟ್ಟಿ. ಐದು ದಿನ ಅವನು ಹಸಿದುಕೊಂಡೇ ತಟ್ಟೆ ನೋಡುತ್ತಿದ್ದ. ನಾನು ಅವನಿಗೆ ವಯಸ್ಸಾಯಿತು ಎಂದು ಬರೆಯುತ್ತಿದ್ದೆ.

ನೋವಿಗೆ ಮಾತ್ರೆ ಕೊಟ್ಟಿದ್ದರು. ದಿನಕ್ಕೆ ಎರಡು, ಊಟವಾದ ಮೇಲೆ. ರೊಟ್ಟಿಯಲ್ಲಿ ಮುಚ್ಚಿಟ್ಟರೆ ರೊಟ್ಟಿ ನುಂಗಿ ಮಾತ್ರೆ ಉಗುಳುತ್ತಿದ್ದ. 17ರಂದು ಮಂಚದ ಕೆಳಗೆ ಕಸ ಹೊಡೆದಾಗ ನಾಲ್ಕು ಮಾತ್ರೆ ಸಿಕ್ಕವು. ನೋಟ್‌ಬುಕ್ಕಿನಲ್ಲಿ ಅವಕ್ಕೆಲ್ಲ ಟಿಕ್ ಹಾಕಿದ್ದೆ. ಹೊಡೆದು ಹಾಕಿ ತಿದ್ದಿದೆ.

ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತಾರೆ. ಮನೆಗೆ ಯಾರು ಬಂದರೂ ಮೊದಲು ಕೈಗೆ ಒಂದು ಹಿಡಿ ಮಣೂಕ. ಜ್ವರ ಬಿಟ್ಟವರಿಗೆ, ಬಾಣಂತಿಗೆ, ಸಾಲಿಯಿಂದ ಬಂದ ಮಕ್ಕಳಿಗೆ. ಮಣೂಕ ತಿಂದರೆ ಶಕ್ತಿ ಬರುತ್ತದೆ ಎನ್ನುವುದನ್ನು ಇಲ್ಲಿ ಯಾರೂ ಯಾರಿಗೂ ಕಲಿಸುವುದಿಲ್ಲ, ಅದು ಎಲ್ಲರಿಗೂ ಗೊತ್ತೇ ಇರುತ್ತದೆ. ನನ್ನ ಅಡುಗೆಮನೆಯಲ್ಲಿ ಡಬ್ಬಿ ಎಂದೂ ಬರಿದಾಗುವುದಿಲ್ಲ. 18ರಂದು ಐದಾರು ಮಣೂಕ ನೆನೆಸಿ, ಜಜ್ಜಿ, ನಡುವೆ ಮಾತ್ರೆ ಇಟ್ಟು ಉಂಡೆ ಮಾಡಿದೆ. ದಾದಾ ಒಂದೇ ಗುಟುಕಿಗೆ ನುಂಗಿದ. ನನ್ನ ಬೆರಳನ್ನೂ ನೆಕ್ಕಿದ.

ಟಿಕ್.

ನಾಲ್ಕು ದಿನ ಚೆನ್ನಾಗಿತ್ತು. 22ಕ್ಕೆ ರೊಟ್ಟಿ ಮತ್ತೆ ಕಡಿಮೆಯಾಯಿತು. ಮಣೂಕ ಮಾತ್ರ ಬೇಡ ಎನ್ನಲಿಲ್ಲ. ಏನನ್ನಾದರೂ ತಿನ್ನುತ್ತಾನಲ್ಲ ಎಂದು ನನಗೆ ಸಮಾಧಾನ. 23ರಂದು ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಕೊಟ್ಟೆ. ಅವನು ಬಾಲ ಆಡಿಸಿದ. ನಾನು ಅವನ ಪಕ್ಕ ಕುಳಿತು ಅದೇ ಡಬ್ಬಿಯಿಂದ ತಿಂದೆ. ಬಹಳ ದಿನಗಳ ಮೇಲೆ ಯಾರದೋ ಜೊತೆ ಕೂತು ತಿಂದಂತಾಯಿತು.

24, ಬೆಳಿಗ್ಗೆ 7.15. ವಾಂತಿ. ಅದರಲ್ಲಿ ಉಬ್ಬಿದ ಮಣೂಕ. ಒರೆಸಿ, ನೀರಿಟ್ಟು, ತಿಕೋಟಾದ ಬಸ್ಸು ಹತ್ತಿದೆ.

ಹೌದು, ಕೆಲಸಕ್ಕೆ ಹೋದೆ.

ಸಂಜೆ 6.20ಕ್ಕೆ ಬಾಗಿಲು ತೆಗೆದಾಗ ಅವನು ಏಳಲಿಲ್ಲ. ಇನ್ನೂ ಮೂರು ಕಡೆ ವಾಂತಿ. ನೀರಿನ ಬಕೆಟ್ ಬರಿದು. ಅಷ್ಟು ನೀರು ಕುಡಿದವನು ಎಲ್ಲೂ ಉಚ್ಚೆ ಹೊಯ್ದಿರಲಿಲ್ಲ. ಮನೆ, ಹಿತ್ತಲು ಎರಡೂ ಹುಡುಕಿದೆ. ಎಲ್ಲ ಒಣಗಿತ್ತು.

ಹಸೀನಾ ಆಪಾ ಬಂದು ಅವನ ಹಿಂಗಾಲು ಹಿಡಿದಳು, ನಾನು ಮುಂಗಾಲು. "ದಾದಾ ಅಂತ ಹೆಸರಿಟ್ಕೊಂಡು ಹೆಂಗ್ಸ್ರ ಕೈಲೆ ಹೊರಿಸ್ಕೊಂತಿಯೇನೋ, ನಾಚ್ಕಿಗೇಡಿ" ಎಂದು ಬೈಯುತ್ತಲೇ ಇದ್ದಳು. ಟೆಂಪೊದಲ್ಲಿ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ.

ಡಾಕ್ಟರಿಗೆ ನೋಟ್‌ಬುಕ್ ಕೊಟ್ಟೆ. ಅವರು ಪುಟ ತಿರುವಿದರು.

"ಇಷ್ಟು ಚೊಲೋ ಬರದಿಟ್ಟವ್ರನ್ನ ನಾ ಎಲ್ಲೂ ನೋಡಿಲ್ಲರಿ. ಮಾತ್ರಿ ಎಲ್ಲಾ ನುಂಗ್ಯಾನ?"

"ನುಂಗ್ಯಾನ್ರಿ."

"ಯಾವುದ್ರಾಗ ಇಟ್ಟು ಕೊಟ್ರಿ?"

"ಮಣೂಕದಾಗ್ರಿ."

ಅವರು ನೋಟ್‌ಬುಕ್ ಮುಚ್ಚಿದರು.

"ನಾಯಿಗಿ ಮಣೂಕ ವಿಷರೀ, ತಂಗೀ. ಕಿಡ್ನಿ ಹೊಡೀತೈತಿ."

"ನಮ್ಮ ಕಡೆ ದನಕ್ಕೂ ಹಾಕ್ತಾರಲ್ರಿ ಸರ್..."

"ದನ ಬ್ಯಾರೆ, ನಾಯಿ ಬ್ಯಾರೆ. ಹಸಿ ದ್ರಾಕ್ಷಿನೂ ಹಂಗ. ಎಷ್ಟು ತಿಂದಾನ, ಅದನ್ನ ಹೇಳ್ರಿ."

ನೋಟ್‌ಬುಕ್ ಮತ್ತೆ ತೆರೆದೆ. ರೊಟ್ಟಿ ಬರೆದಿದ್ದೆ, ಹಾಲು, ನೀರು, ಮಾತ್ರೆ ಬರೆದಿದ್ದೆ. ಮಣೂಕಕ್ಕೆ ಕಾಲಮ್ಮೇ ಇರಲಿಲ್ಲ. ದಿನವಿಡೀ ಮಣೂಕದ ಪೆಟ್ಟಿಗೆಗಳನ್ನು ಎಣಿಸುವ ನನಗೆ, ಮನೆಯಲ್ಲಿ ಅದು ಲೆಕ್ಕಕ್ಕೆ ಸೇರುವ ವಸ್ತು ಎಂದು ಹೊಳೆದೇ ಇರಲಿಲ್ಲ.

ರಕ್ತ ಪರೀಕ್ಷೆ. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯೇಟಿನಿನ್ 6.1, ಒಂದೂವರೆಯ ಆಸುಪಾಸು ದಾಟಬಾರದಂತೆ. ನೋವಿನ ಮಾತ್ರೆಯೂ ಕಿಡ್ನಿಗೆ ಭಾರ, ಅದನ್ನು ನಿಲ್ಲಿಸಿದರು. ಡ್ರಿಪ್ ಹಚ್ಚಿದರು. ಉಚ್ಚೆ ಬಂದರೆ ಉಳಿಯುತ್ತಾನೆ, ಬರದಿದ್ದರೆ ಹೇಳಲಾಗದು ಎಂದರು. ಅವನನ್ನು ಅಲ್ಲೇ ಬಿಡಬೇಕಾಯಿತು.

25ರ ಸಂಜೆ ಕ್ಲಿನಿಕ್ಕಿನಿಂದ ಬಂದು ಒಲೆ ಹಚ್ಚಿದೆ. ಕೈ ತನ್ನಷ್ಟಕ್ಕೆ ಆರು ರೊಟ್ಟಿ ಬಡಿಯಿತು. ನಾಲ್ಕು ಅವನವು. ಮನೆಯ ಹಿಂದಿನ ರೈಲು ಹಳಿಯ ಮೇಲೆ ಗಾಡಿ ಹೋಯಿತು. ಗಾಡಿ ಬಂದಾಗಲೆಲ್ಲ ದಾದಾ ಎಡಗಿವಿ ಒಂದನ್ನೇ ಎತ್ತುತ್ತಿದ್ದ, ಅವ್ವ ಅದಕ್ಕೆ "ಬಂತು ನೋಡು ನಮ್ಮ ಸ್ಟೇಷನ್ ಮಾಸ್ತರ್ಗ ಸುದ್ದಿ" ಎನ್ನುತ್ತಿದ್ದಳು. ಈಗ ಗಾಡಿ ಹೋಯಿತು, ಅಷ್ಟೇ. ಅಕ್ಕನ ಫೋನ್ ಬರುವ ತನಕ ಅಂದು ಮನೆಯೊಳಗೆ ಆಡಿದ ಮಾತು ಸೊನ್ನೆ.

ಅಕ್ಕ ಫೋನ್ ಮಾಡಿದಳು. "ನಾಯಿ ಸಲುವಾಗಿ ರಜಾ ಹಾಕಿಯೇನಬೇ? ಅವ್ವ ಇದ್ದಾಗರ ಇಷ್ಟು ಹಾಕಿದ್ದಿಲ್ಲ ನೀ."

ನಾನು ಉಳಿದ ನಾಲ್ಕು ರೊಟ್ಟಿಗೆ ಬಟ್ಟೆ ಮುಚ್ಚಿದೆ. ಆಮೇಲೆ ಅವಳೇ, "ಏನಾರ ಉಂಡಾನೇನು?" ಎಂದಳು. ಅವಳ ದನಿ ಬೇರೆಯಾಗಿತ್ತು.

26, ಬೆಳಿಗ್ಗೆ 9.50. ಕ್ಲಿನಿಕ್ಕಿನ ನೆಲದ ಮೇಲೆ, ಹಾಸಿದ ಚೀಲ ದಾಟಿ, ನನ್ನ ಚಪ್ಪಲಿಯ ತನಕ ಉಚ್ಚೆ ಹರಿದು ಬಂತು.

ನಾನು ಕಾಲು ಸರಿಸಲಿಲ್ಲ.

ಐದು ದಿನ ಡ್ರಿಪ್. ಕ್ರಿಯೇಟಿನಿನ್ 2.8ಕ್ಕೆ ಇಳಿದು ಅಲ್ಲೇ ನಿಂತಿದೆ. ಕಿಡ್ನಿ ಪೂರ್ತಿ ಮೊದಲಿನಂತಾಗುವುದಿಲ್ಲ. ಎಷ್ಟು ತಿಂಗಳು ಎಂದು ಕೇಳಿದೆ. "ಅದನ್ನ ಎಣಿಸಬ್ಯಾಡ್ರಿ" ಎಂದರು ಡಾಕ್ಟರು.

ಈಗ ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಮೆತ್ತಗೆ ಬೇಯಿಸಿದ ಅನ್ನ, ಸೋರೆಕಾಯಿ, ಮೊಟ್ಟೆಯ ಬಿಳಿ ಭಾಗ. ಉಪ್ಪಿಲ್ಲ. ಮಧ್ಯಾಹ್ನದ ಎರಡು ಊಟ ಹಸೀನಾ ಆಪಾ ಹಾಕುತ್ತಾಳೆ, ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದಿಡುತ್ತಾಳೆ. ಮೊನ್ನೆ ನೋಟ್‌ಬುಕ್ ತೆಗೆದು ನೋಡಿ, "ಅವಂದೆಲ್ಲಾ ಬರದಿ. ನೀ ಏನುಂಡಿ ಅಂತ ಎಲ್ಲೈತಿ ಬೇ?" ಎಂದಳು. ಹುಡುಕಿದೆ. ಎರಡು ವರ್ಷದಲ್ಲಿ ಎಲ್ಲೂ ಇರಲಿಲ್ಲ. ಮಣೂಕದ ಹಾಗೆಯೇ. ಅಂದಿನಿಂದ ಬರೆಯುತ್ತಿದ್ದೇನೆ.

ಇಂದು ಜೂನ್ 3, ಸಂಜೆ 6.40. ದಾದಾನ ತೂಕ 31.5 ಕಿಲೋ. ನಾಲ್ಕರಲ್ಲಿ ಮೂರು ಊಟ ಮಾಡಿದ್ದಾನೆ. ಕ್ರೇಟಿನ ಮುಂದೆ ಗೋಣಿಚೀಲ ಹಾಸಿದ್ದೇನೆ, ಕಾಲು ಜಾರುವುದಿಲ್ಲ. ಗಾಡಿ ಬಂತು. ಎಡಗಿವಿ ಎದ್ದಿತು.

ಕಿಡ್ನಿಯ ಮಾತ್ರೆಯನ್ನು ಮಾತ್ರ ಇನ್ನೂ ಉಗುಳುತ್ತಾನೆ. ಕುಂಬಳಕಾಯಿ ಆಗಲಿಲ್ಲ, ಅನ್ನದ ಮುದ್ದೆಯೂ ಆಗಲಿಲ್ಲ. ಇಂಥ ದೊಡ್ಡ, ವಯಸ್ಸಾದ ನಾಯಿಯನ್ನು ಸಾಕಿದವರು, ಕಿಡ್ನಿ ಸೋತ ಮೇಲೂ ಅದನ್ನು ಉಣ್ಣಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ನಾಯಿಯ ವಯಸ್ಸು, ತೂಕ, ದಿನಕ್ಕೆ ಎಷ್ಟು ಸಲ ಏನು ಕೊಟ್ಟಿರಿ ಎನ್ನುವುದನ್ನು ಬಿಡದೆ ಬರೆಯಿರಿ. ಡಾಕ್ಟರಿಗೆ ತೋರಿಸಿಯೇ ಮಾಡುತ್ತೇನೆ. ನಿಮ್ಮ ಉತ್ತರಕ್ಕೆಂದು ನೋಟ್‌ಬುಕ್ಕಿನಲ್ಲಿ ಎಡಗಡೆಯ ಪುಟಗಳನ್ನು ಖಾಲಿ ಬಿಟ್ಟಿದ್ದೇನೆ.

ಮಾತ್ರೆಯನ್ನು ಯಾವುದರಲ್ಲಿ ಇಟ್ಟು ಕೊಟ್ಟಿರಿ ಎನ್ನುವುದನ್ನು ಮೊದಲು ಬರೆಯಿರಿ.